ಮೋಟಾರಿನಲ್ಲಿ ಬಾನುಲಿ: ಒಂದು ಹವ್ಯಾಸ, ಒಂದು ಹೊಣೆ

(ನಮ್ಮ ಸಂಘದ ವಿಮಾನ ನಗರದ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನೊಬ್ಬನು ರಾಜ್ಯೋತ್ಸವದ ದಿನಗಳಲ್ಲಿ ತಂತಿ, ಫ್ಯೂಸು, ಏರಿಯಲ್‌ಗಳ ಮಾತನ್ನೆತ್ತುವುದು ತಮ್ಮಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ನಾನು ಓದಿದ್ದು ಬಿ.ಕಾಂ.; ಇಂಜಿನಿಯರನಲ್ಲ. ಆದರೆ ಹವ್ಯಾಸಿ ಬಾನುಲಿ, ಅಂದರೆ ಹ್ಯಾಮ್ ರೇಡಿಯೋ, ಇಂಜಿನಿಯರರ ಸೊತ್ತೇನೂ ಅಲ್ಲ. ಹನ್ನೆರಡು ವರ್ಷ ತುಂಬಿದ ಹುಡುಗಿಯೂ ಪರೀಕ್ಷೆಗೆ ಕುಳಿತು ಲೈಸೆನ್ಸು ಪಡೆಯಬಹುದಾದ ವಿದ್ಯೆ ಇದು. ಅದನ್ನು ಮನೆಯ ಕಾರಿನಲ್ಲಿ ಹೇಗೆ ಕೂರಿಸಬೇಕು, ಏಕೆ ಕೂರಿಸಬೇಕು ಎಂಬ ಎರಡು ಪ್ರಶ್ನೆಗಳಿಗೆ ನನಗೆ ತಿಳಿದಮಟ್ಟಿಗೆ ಉತ್ತರ ಹೇಳಲು ಅಪ್ಪಣೆ ಬೇಡುತ್ತೇನೆ.

ಕನ್ನಡಿಗರಿಗೆ ಈ ವಿದ್ಯೆ ಹೊಸದಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಖಾಸಗಿ ಬಾನುಲಿ ನಿಲಯವೊಂದನ್ನು ಪ್ರಾರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಮುಂದೆ ದೇಶದ ಬಾನುಲಿಗೆಲ್ಲ ಅದೇ ಹೆಸರು ನಿಂತಿತು. ಅವರದು ಪ್ರಸಾರದ ನಿಲಯ, ನಮ್ಮದು ಪರಸ್ಪರ ಮಾತುಕತೆಯ ಹವ್ಯಾಸ. ಎರಡೂ ಬೇರೆಯೆಂಬುದು ನಿಜ. ಆದರೂ ಸಂಬಳಕ್ಕಾಗಿಯಲ್ಲದೆ ಪ್ರೀತಿಗಾಗಿ ಗಾಳಿಯಲ್ಲಿ ಮಾತು ಕಳುಹಿಸಿದ ಒಬ್ಬ ಮೇಷ್ಟರ ಸಂತತಿ ನಾವೆಂದು ಹೆಮ್ಮೆಪಡುವುದರಲ್ಲಿ ತಪ್ಪಿಲ್ಲ.

ಇನ್ನು ‘ಏಕೆ’ ಎಂಬ ಪ್ರಶ್ನೆ. “ಎಲ್ಲರ ಕಿಸೆಯಲ್ಲೂ ಮೊಬೈಲ್ ಇರುವಾಗ ಈ ಡಬ್ಬಿ ಯಾತಕ್ಕೆ?” ಎಂದು ನಮ್ಮ ಮನೆಯವರೇ ಮೊದಲು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ಇಲ್ಲಿ ಕುಳಿತಿರುವ ನಮ್ಮಲ್ಲಿ ಹೆಚ್ಚಿನವರು ದೀಪಾವಳಿಗೋ, ಊರ ಜಾತ್ರೆಗೋ, ತಂದೆತಾಯಿಗಳ ಕಾಯಿಲೆಗೋ ಸಾತಾರಾ, ಕೊಲ್ಹಾಪುರ, ನಿಪ್ಪಾಣಿಯ ದಾರಿ ಹಿಡಿಯುವವರು. 2019ರ ಆಗಸ್ಟಿನಲ್ಲಿ ಪಂಚಗಂಗೆ ಉಕ್ಕಿ ಕೊಲ್ಹಾಪುರದ ಬಳಿ ಇದೇ ಹೆದ್ದಾರಿ ಹಲವು ದಿನ ಮುಚ್ಚಿತ್ತು. ವೇದಗಂಗೆ ಯಮಗರ್ಣಿಯ ಬಳಿ ರಸ್ತೆಯನ್ನು ನುಂಗಿತ್ತು. 2021ರ ಜುಲೈಯಲ್ಲಿ ಮತ್ತೆ ಅದೇ ಕಥೆ. ಲಾರಿಗಳ ಸಾಲಿನಲ್ಲಿ ಮಕ್ಕಳುಮರಿಗಳೊಡನೆ ಸಿಕ್ಕಿಬಿದ್ದವನಿಗೆ ಬೇಕಾದುದು ಮುಂದಿನ ಸೇತುವೆಯ ಸುದ್ದಿ, ಮತ್ತು ಮನೆಗೆ ತಲುಪಬೇಕಾದ “ನಾವು ಕ್ಷೇಮ” ಎಂಬ ಎರಡೇ ಮಾತು. ಮೊಬೈಲು ಗೋಪುರಕ್ಕೆ ಕರೆಂಟು ಹೋಗಿ ಅದರ ಬ್ಯಾಟರಿ ಬತ್ತಿದರೆ ಆ ಎರಡು ಮಾತೂ ಹೊರಡದು.

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆಯೂ ಅವರ ಸಂಗಡಿಗರೂ ಹವ್ಯಾಸದ ನಿಮಿತ್ತ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿದ್ದರು. ತಂತಿಯ ಸಂಪರ್ಕಗಳು ಕಡಿದುಹೋದ ಆ ದಿನಗಳಲ್ಲಿ ದ್ವೀಪದವರ ಕ್ಷೇಮಸಮಾಚಾರವು ಅವರ ರೇಡಿಯೋಗಳ ಮೂಲಕ ನಾಡಿಗೆ ಮುಟ್ಟಿತು. ಹೊತ್ತಿಗೆ ಒದಗಿದ್ದು ಸೆಟ್ಟು ಮಾತ್ರವಲ್ಲ, ಮೊದಲೇ ಮಾಡಿದ ಅಭ್ಯಾಸ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ನೀರು ಸಿಕ್ಕೀತೆ?

ಕಾರಿಗೆ ಕೈಹಚ್ಚುವ ಮೊದಲು ಕಾಗದದ ಕೆಲಸ. ಲೈಸೆನ್ಸಿಲ್ಲದೆ ಪ್ರೇಷಕ ಯಂತ್ರವನ್ನು ಇಟ್ಟುಕೊಳ್ಳುವುದೂ ಅಪರಾಧ. ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆಯು ಪರೀಕ್ಷೆ ನಡೆಸಿ ರಿಸ್ಟ್ರಿಕ್ಟೆಡ್, ಜನರಲ್ ಎಂಬ ಎರಡು ದರ್ಜೆಗಳಲ್ಲಿ ಅನುಮತಿ ಕೊಡುತ್ತದೆ. ಮೊದಲನೆಯದಕ್ಕೆ ಮೋರ್ಸ್ ಸಂಕೇತದ ಪರೀಕ್ಷೆಯಿಲ್ಲ. ಲೈಸೆನ್ಸಿನಲ್ಲಿ ನಿಲಯದ ಸ್ಥಳ ನಮೂದಾಗಿರುತ್ತದೆ. ಆದುದರಿಂದ ವಾಹನದಿಂದ ಮಾತಾಡುವ ಬಗ್ಗೆ ಷರತ್ತೇನೆಂದು ಓದಿಕೊಂಡು, ಬೇಕಾದ ಒಪ್ಪಿಗೆ ಪಡೆದೇ ಮುಂದುವರಿಯತಕ್ಕದ್ದು. ಅದರ ಪ್ರತಿಯೊಂದು ಕಾರಿನಲ್ಲಿ ಸದಾ ಇರಲಿ. ನಾವಿರುವುದು ಲೋಹಗಾಂವ್ ವಿಮಾನ ನಿಲ್ದಾಣ ಮತ್ತು ವಾಯುದಳದ ನೆಲೆಯ ಮಗ್ಗುಲಲ್ಲಿ. ಮಾಡಿನ ಮೇಲೆ ಏರಿಯಲ್ ಕಂಡರೆ ನಮ್ಮ ಸೊಸೈಟಿಯ ಕಾವಲುಗಾರನೂ “ಹೇ ಕಾಯ್ ಆಹೇ, ಸಾಹೇಬ್?” ಎಂದು ಕೇಳುತ್ತಾನೆ, ಕೇಳಬೇಕಾದುದೇ. ಕಾಗದ ತೋರಿಸಿ ಸಮಾಧಾನವಾಗಿ ಹೇಳಿದರೆ ಅವನೇ ನಮ್ಮ ಪರವಾಗಿ ಸಾಕ್ಷಿಯಾಗುತ್ತಾನೆ. ವಿಮಾನಗಳ ಮಾತುಕತೆ 118ರಿಂದ 137 ಮೆಗಾಹರ್ಟ್ಸ್‌ವರೆಗೆ ನಡೆಯುತ್ತದೆ. ನಮಗೆ ಮೀಸಲಾದ ಎರಡು ಮೀಟರಿನ ಪಟ್ಟಿ 144ರಿಂದ 146. ನಮ್ಮ ಬೇಲಿಯೊಳಗೆ ನಾವಿದ್ದರೆ ಯಾರಿಗೂ ತೊಂದರೆಯಿಲ್ಲ.

ಈಗ ಜೋಡಣೆಯ ಮಾತು. ಮೊದಲನೆಯದು ವಿದ್ಯುತ್ತು. ಇದನ್ನು ನಾನು ಲೆಡ್ಜರಿನಂತೆ ನೋಡುತ್ತೇನೆ. 50 ವಾಟಿನ ಸೆಟ್ಟು ಮಾತಾಡುವಾಗ ಸುಮಾರು 11 ಆಂಪಿಯರ್ ಎಳೆಯುತ್ತದೆ. ಬರಿದೇ ಕೇಳುವಾಗ ಅರ್ಧ ಆಂಪಿಯರ್. ಸಿಗರೇಟು ಹಚ್ಚುವ ಸಾಕೆಟ್ಟಿನ ಫ್ಯೂಸು ಸಾಮಾನ್ಯವಾಗಿ 10ರಿಂದ 15 ಆಂಪಿಯರಿನದು, ತಂತಿಯೂ ತೆಳುವು, ಅಲ್ಲಿಂದ ಎಳೆಯಬಾರದು. ನೇರವಾಗಿ ಬ್ಯಾಟರಿಯಿಂದಲೇ ದಪ್ಪ ತಂತಿ ತರಬೇಕು. ಬ್ಯಾಟರಿಯಿಂದ ಸೆಟ್ಟಿಗೆ 5 ಮೀಟರ್ ದೂರವೆನ್ನಿ; ಹೋಗಿಬರುವ ದಾರಿ 10 ಮೀಟರ್. 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿದರೆ ದಾರಿಯಲ್ಲೇ ಒಂದೂಕಾಲು ವೋಲ್ಟು ಸೋರಿಹೋಗುತ್ತದೆ. 4 ಚದರ ಮಿಲಿಮೀಟರಿನದಾದರೆ ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ. ಎಂಜಿನ್ ನಿಂತಾಗ ಬ್ಯಾಟರಿಯಲ್ಲಿರುವುದೇ ಹನ್ನೆರಡೂವರೆ ವೋಲ್ಟು. 13.8 ವೋಲ್ಟಿಗೆಂದು ಮಾಡಿದ ಯಂತ್ರಕ್ಕೆ ಅದರಲ್ಲೂ ಕಡಿತವಾದರೆ ಅದು ಮಾತಿನ ನಡುವೆಯೇ ಸ್ತಬ್ಧವಾಗುತ್ತದೆ. ತಂತಿಯಲ್ಲಿ ಉಳಿಸಿದ ಕಾಸು ಆಪತ್ತಿನಲ್ಲಿ ಬಡ್ಡಿಸಮೇತ ಹೋದಂತೆ.

ಧನ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಇರಲೇಬೇಕು. ಫ್ಯೂಸು ಕಾಯುವುದು ಸೆಟ್ಟನ್ನಲ್ಲ, ತಂತಿಯನ್ನು. ಅದನ್ನು ಸೆಟ್ಟಿನ ಬಳಿ ಮಾತ್ರ ಇಟ್ಟರೆ ನಡುವೆ ತಂತಿ ಉಜ್ಜಿ ಕಾರಿನ ಕಬ್ಬಿಣಕ್ಕೆ ತಾಗಿದಾಗ ಬೆಂಕಿಯೇ ಗತಿ. ಋಣ ತಂತಿಯ ವಿಷಯದಲ್ಲಿ ಹಳೆಯ ಪದ್ಧತಿ ಅದನ್ನೂ ಬ್ಯಾಟರಿಯ ತುದಿಗೇ ಕಟ್ಟಿ ಫ್ಯೂಸು ಹಾಕುವುದು. ಆದರೆ ಈಗಿನ ಹಲವು ಕಾರುಗಳಲ್ಲಿ ಬ್ಯಾಟರಿಯ ಋಣ ತುದಿಯಲ್ಲೇ ಪ್ರವಾಹವನ್ನು ಅಳೆಯುವ ಸಣ್ಣ ಉಪಕರಣವುಂಟು. ಬ್ಯಾಟರಿಗೆ ಎಷ್ಟು ಜಮಾ, ಎಷ್ಟು ಖರ್ಚು ಎಂದು ಲೆಕ್ಕ ಬರೆಯುವ ಗುಮಾಸ್ತ ಅದು. ಅದನ್ನು ದಾಟಿ ಕಟ್ಟಿದರೆ ನಮ್ಮ ಖರ್ಚು ಪುಸ್ತಕಕ್ಕೆ ಹತ್ತುವುದಿಲ್ಲ, ಲೆಕ್ಕ ತಪ್ಪುತ್ತದೆ. ಅಂಥ ಕಾರುಗಳಲ್ಲಿ ಬ್ಯಾಟರಿಯ ಋಣ ಪಟ್ಟಿ ಕಾರಿನ ಮೈಗೆ ಸೇರುವ ಬೋಲ್ಟಿನಲ್ಲಿ ನಮ್ಮ ತಂತಿಯನ್ನೂ ಸೇರಿಸುವುದು ಸರಿ. ಕಾರಿನ ಕೈಪಿಡಿಯನ್ನು ಓದಿ ನಿರ್ಧರಿಸಬೇಕು.

ಎಂಜಿನ್ ಕೋಣೆಯಿಂದ ಒಳಗೆ ತಂತಿ ತರುವಾಗ ತಗಡಿನಲ್ಲಿರುವ ರಬ್ಬರ್ ಬಿರಡೆಯ ಮೂಲಕವೇ ತರಬೇಕು. ಬರಿಯ ತಗಡಿನ ಅಂಚು ಕತ್ತಿಯಂತೆ ಕೊಯ್ಯುತ್ತದೆ. ಕ್ಲಚ್ಚು, ಬ್ರೇಕಿನ ಕಾಲ್ಮೆಟ್ಟುಗಳ ಹತ್ತಿರ, ಸ್ಟಿಯರಿಂಗಿನ ಕಂಬದ ಹತ್ತಿರ ತಂತಿ ಜೋತುಬೀಳಬಾರದು. ಮುಖ್ಯವಾಗಿ, ಏರ್‌ಬ್ಯಾಗ್ ಅಡಗಿರುವ ಕಡೆ, ಅಂದರೆ ಡ್ಯಾಷ್‌ಬೋರ್ಡಿನ ಎಡಭಾಗದ ಮೇಲೆ, ಮುಂಗಾಜಿನ ಪಕ್ಕದ ಕಂಬಗಳ ಒಳಗೆ, ಏನನ್ನೂ ಅಂಟಿಸಕೂಡದು, ತೂರಿಸಕೂಡದು. ಅಪಘಾತದ ಕ್ಷಣದಲ್ಲಿ ಆ ಚೀಲ ಉಬ್ಬಿದರೆ ಅಲ್ಲಿದ್ದ ಸೆಟ್ಟು ಗುಂಡಿನಂತೆ ಸಿಡಿಯುತ್ತದೆ. ಎದುರಿಗೆ ಕುಳಿತವರು ನಮ್ಮವರೇ. ಯಂತ್ರದ ಮುಖಭಾಗ ಮಾತ್ರ ಬಿಡಿಸಿ ತೆಗೆಯಬಹುದಾದ ಸೆಟ್ಟುಗಳಿವೆ. ಮೈಯನ್ನು ಸೀಟಿನ ಕೆಳಗೆ ಭದ್ರವಾಗಿ ಸ್ಕ್ರೂ ಮಾಡಿ, ಮುಖವನ್ನು ಕೈಗೆಟಕುವಲ್ಲಿ ಇಡುವುದು ಅನುಕೂಲ. ಅದು ಬಿಸಿಯಾಗುವ ವಸ್ತುವಾದ್ದರಿಂದ ಗಾಳಿಯಾಡಲು ಜಾಗ ಬಿಡಬೇಕು. ಬೆಡ್‌ಷೀಟು, ತಿಂಡಿಯ ಗಂಟು ಅದರ ಮೇಲೆ ಒತ್ತಬಾರದು.

ಎರಡನೆಯದು ಏರಿಯಲ್. 145 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಎರಡು ಮೀಟರಿಗೆ ತುಸು ಹೆಚ್ಚು. ಅದರ ಕಾಲುಭಾಗ ಸುಮಾರು ಅರ್ಧ ಮೀಟರು. ಇಷ್ಟೇ ಉದ್ದದ ಕಡ್ಡಿ ಸಾಕು. ಉಳಿದರ್ಧ ಕೆಲಸವನ್ನು ಕೆಳಗಿನ ತಗಡೇ ಕನ್ನಡಿಯಂತೆ ಮಾಡುತ್ತದೆ. ಆದುದರಿಂದ ಮಾಡಿನ ನಟ್ಟನಡುವೆಯೇ ಏರಿಯಲ್ಲಿಗೆ ಉತ್ತಮ ಸ್ಥಾನ. ಸುತ್ತಲೂ ಸಮನಾಗಿ ಮಾತು ಹರಡುತ್ತದೆ, ಒಳಗೆ ಕುಳಿತವರಿಗೆ ತಗಡು ಮರೆಯಾಗುತ್ತದೆ. ತೂತು ಕೊರೆದು ಕೂರಿಸುವುದು ಎಲ್ಲಕ್ಕಿಂತ ಭದ್ರ. ಆದರೆ ನನ್ನಂಥವನ ಕಾರು ಸಾಲ ತೀರುವತನಕ ಬ್ಯಾಂಕಿಗೆ ಅಡವು. ಅಡವಿನ ಗಾಡಿಯ ಮಾಡಿಗೆ ತೂತು ಕೊರೆಯಲು ಮನೆಯಲ್ಲಿ ಒಪ್ಪಿಗೆ ಸಿಗುವುದೂ ಇಲ್ಲ. ಅಂಥವರಿಗೆ ಅಯಸ್ಕಾಂತದ ಪೀಠ ಉಂಟು. ಅದರಡಿಯ ಧೂಳನ್ನು ಆಗಾಗ ಒರೆಸದಿದ್ದರೆ ಬಣ್ಣ ತರಚುತ್ತದೆ. ಗಾಜಿನ ಮಾಡಿಗೆ ಅದು ಹಿಡಿಯದು. ಡಿಕ್ಕಿಯ ಬಾಗಿಲಿನ ಅಂಚಿಗೆ ಕಚ್ಚುವ ಹಿಡಿಕೆ ಇನ್ನೊಂದು ಉಪಾಯ. ತಂತಿಯನ್ನು ಬಾಗಿಲಿನಲ್ಲಿ ಜಜ್ಜದೆ, ಒಳಗೆ ನುಗ್ಗುವ ಮೊದಲು ಕೆಳಗೊಂದು ಬಳುಕು ಕೊಟ್ಟರೆ ಮಳೆಯ ನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ.

ಈ ಮಾತು ಎಷ್ಟು ದೂರ ಹೋಗುತ್ತದೆ? ಬಯಲಿನಲ್ಲಿ, ಏರಿಯಲ್ಲಿನ ಎತ್ತರದ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ಅದರ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ, ಎತ್ತರ ಮೀಟರಿನಲ್ಲಿರಬೇಕು. ಎರಡು ಮೀಟರ್ ಎತ್ತರದ ಎರಡು ಕಾರುಗಳ ನಡುವೆ ಹನ್ನೆರಡು ಕಿಲೋಮೀಟರು ಮಾತ್ರ. ಆದರೆ ಸಿಂಹಗಡವು ಪುಣೆಯ ನೆಲಕ್ಕಿಂತ ಏಳು ನೂರು ಮೀಟರಿಗೂ ಮೇಲಿದೆ. ಅಂಥ ಎತ್ತರದಲ್ಲಿ, ಕೇಳಿದ್ದನ್ನು ಮತ್ತೆ ಹೇಳುವ ರಿಪೀಟರ್ ಯಂತ್ರವಿದ್ದರೆ ನೂರು ಕಿಲೋಮೀಟರಿಗೂ ಮಾತು ಮುಟ್ಟೀತು. ಕಾತ್ರಜ್, ಖಂಬಾಟ್ಕಿ ಘಟ್ಟಗಳ ಮರೆಯಲ್ಲಿ ಅದೂ ಕಡಿಯುತ್ತದೆ. ಹುಬ್ಬಳ್ಳಿ, ಮೈಸೂರುಗಳನ್ನು ನೇರವಾಗಿ ಮುಟ್ಟಲು 7 ಮೆಗಾಹರ್ಟ್ಸ್‌ನಂಥ ಕೆಳಗಿನ ಪಟ್ಟಿ ಬೇಕು. ಅಲ್ಲಿ ಕಾಲು ಅಲೆಯೇ ಹತ್ತು ಮೀಟರು. ಕಾರಿನ ಮೇಲೆ ಹೊರಲಾಗದು. ಗಿಡ್ಡ ಕಡ್ಡಿಗೆ ಸುರುಳಿ ಸುತ್ತಿ ಹೊಂದಿಸುತ್ತಾರೆ. ಶಕ್ತಿಯ ಬಹುಪಾಲು ಶಾಖವಾಗಿ ಹೋದರೂ, ಉಳಿದ ಅಲ್ಪಭಾಗವೇ ಆಕಾಶದಲ್ಲಿ ಪ್ರತಿಫಲಿಸಿ ಊರು ಮುಟ್ಟುವುದುಂಟು.

ಜೋಡಣೆ ಮುಗಿದ ಮೇಲೆ ಪರೀಕ್ಷೆ. ಏರಿಯಲ್ಲಿನಿಂದ ಶಕ್ತಿ ಹಿಂದಿರುಗುತ್ತಿದೆಯೇ ಎಂದು ಎಸ್‌.ಡಬ್ಲ್ಯು.ಆರ್. ಮೀಟರಿನಿಂದ ನೋಡಬೇಕು, 1.5ಕ್ಕಿಂತ ಕೆಳಗಿದ್ದರೆ ಚೆನ್ನ. ಮೊದಲು ಕಡಿಮೆ ಶಕ್ತಿಯಲ್ಲಿ, ನಿಂತ ಕಾರಿನಲ್ಲಿ ಮಾತಾಡಿ, ಡ್ಯಾಷ್‌ಬೋರ್ಡಿನ ಯಾವ ದೀಪವಾದರೂ ಮಿಣುಕುವುದೇ ನೋಡಬೇಕು. ಬಳಿಕ ಎಂಜಿನ್ ಚಾಲೂ ಮಾಡಿ ಕೇಳಬೇಕು. ಎಂಜಿನಿನ ವೇಗದೊಡನೆ ಏರಿಳಿಯುವ ಕೀರಲು ದನಿ ಬಂದರೆ ಅದು ಆಲ್ಟರ್ನೇಟರಿನದು. ಒಂದೇ ಸಮನೆ ಬರುವ ಗರಗರ ಶಬ್ದ ಹೆಚ್ಚಾಗಿ ಮೊಬೈಲ್ ಚಾರ್ಜರಿನದು. ಒಂದೊಂದಾಗಿ ಸ್ವಿಚ್ಚು ಆರಿಸಿದರೆ ಕಳ್ಳ ಸಿಗುತ್ತಾನೆ.

ಚಾಲಕನಿಗೆ ಒಂದು ಮಾತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 184ನೆಯ ಕಲಮು ಓಡಿಸುವಾಗ ಕೈಯಲ್ಲಿ ಸಂಪರ್ಕ ಸಾಧನ ಹಿಡಿಯುವುದನ್ನು ಅಪಾಯಕರ ಚಾಲನೆಯಲ್ಲಿ ಸೇರಿಸಿದೆ. ಕಾನೂನಿರಲಿ, ಹಿಂದಿನ ಸೀಟಿನ ಮಕ್ಕಳ ಮುಖ ನೆನೆದರೆ ಸಾಕು. ಓಡಿಸುವಾಗ ಕೇಳೋಣ, ನಿಲ್ಲಿಸಿ ಮಾತಾಡೋಣ. ನಾಶಿಕ್ ದಾರಿಯಲ್ಲಿ ನಾರಾಯಣಗಾಂವ್ ಬಳಿಯ ಖೋಡದದಲ್ಲಿ 45 ಮೀಟರ್ ಅಗಲದ 30 ತಟ್ಟೆಗಳ ದೊಡ್ಡ ರೇಡಿಯೋ ದೂರದರ್ಶಕವಿದೆ. ಅದು ನಕ್ಷತ್ರಲೋಕದ ಅತಿ ಸೂಕ್ಷ್ಮ ದನಿಯನ್ನು, ನಮ್ಮ ಪಟ್ಟಿಗೆ ಹತ್ತಿರದಲ್ಲೇ, ಕಿವಿಗೊಟ್ಟು ಕೇಳುತ್ತಿರುತ್ತದೆ. ಆ ಸೀಮೆಯಲ್ಲಿ ನಮ್ಮ ಮೌನವೇ ಸೌಜನ್ಯ.

ಇನ್ನು ನಮ್ಮ ಭಾಷೆಯ ಸಂಗತಿ. ಹ್ಯಾಮ್ ಬಾನುಲಿಯಲ್ಲಿ ವ್ಯಾಪಾರದ ಮಾತಿಲ್ಲ. ನಾನು ಬ್ಯಾಂಕಿನ ಒಂದು ಠೇವಣಿಯ ಬಗ್ಗೆಯೂ ಆಡುವಂತಿಲ್ಲ. ಅರ್ಥ ಮರೆಸುವ ಗುಪ್ತ ಸಂಕೇತವೂ ಕೂಡದು. ಆದರೆ ಕನ್ನಡ ಗುಪ್ತ ಸಂಕೇತವಲ್ಲವಷ್ಟೆ! ನಮ್ಮ ಕರೆಯ ಅಕ್ಷರಗಳನ್ನು ನಿಯಮದಂತೆ ಇಂಗ್ಲಿಷಿನಲ್ಲಿ ಹೇಳಿ, ಯೋಗಕ್ಷೇಮವನ್ನು ತಾಯ್ನುಡಿಯಲ್ಲಿ ಆಡಲು ಅಡ್ಡಿಯಿಲ್ಲ. ಪುಣೆಯಲ್ಲಿ ಹುಟ್ಟಿ, ಶಾಲೆಯಲ್ಲಿ ಮರಾಠಿ, ಇಂಗ್ಲಿಷು ಓದುವ ನಮ್ಮ ಮಕ್ಕಳಿಗೆ ಕನ್ನಡವು ಅಡುಗೆಮನೆಯ ಭಾಷೆಯಾಗಿ ಮಾತ್ರ ಉಳಿಯುತ್ತಿದೆ ಎಂಬ ಕೊರಗು ಈ ಸಭೆಯಲ್ಲಿ ವರ್ಷವರ್ಷವೂ ಕೇಳಿಬರುತ್ತದೆ. ಧಾರವಾಡದ ಅಪರಿಚಿತರೊಬ್ಬರು ಗಾಳಿಯಲ್ಲಿ “ಆರಾಮಿದ್ದೀರೇನ್ರೀ?” ಎಂದಾಗ ಉತ್ತರ ಕೊಡಲು ಮಗುವಿಗೆ ಕನ್ನಡ ಬೇಕಾಗುತ್ತದೆ, ಬೇಕಾದ ಭಾಷೆ ತಾನಾಗಿ ಉಳಿಯುತ್ತದೆ.

ಕಡೆಯದಾಗಿ ಒಂದು ಅರಿಕೆ. ಒಂದು ಕಾರಿನಲ್ಲಿ ಮಾತ್ರ ರೇಡಿಯೋ ಇದ್ದರೆ ಅದು ಆಟಿಕೆ; ಅತ್ತ ಕೇಳುವವರಿದ್ದರೆ ಮಾತ್ರ ಆಸರೆ. ನಮ್ಮ ಸಂಘದ ಕುಟುಂಬಗಳಿಂದ ನಾಲ್ಕೈದು ತರುಣ ತರುಣಿಯರು ಮುಂದಿನ ಮಳೆಗಾಲದೊಳಗೆ ಪರೀಕ್ಷೆಗೆ ಕುಳಿತುಕೊಳ್ಳಲಿ. ಭಾನುವಾರ ಸಂಜೆ ಪಾಠಕ್ಕೆ ನನ್ನ ಮನೆಯ ಬಾಗಿಲು ತೆರೆದಿದೆ. ಚಹಾದ ಹೊಣೆಯನ್ನು ನಮ್ಮ ಮನೆಯವರು ಒಪ್ಪಿಕೊಂಡಿದ್ದಾರೆ. ಮತ್ತೊಮ್ಮೆ ಪಂಚಗಂಗೆ ಉಕ್ಕಿದ ದಿನ ದಾರಿಯಲ್ಲಿ ಸಿಕ್ಕ ಒಂದು ಕುಟುಂಬದ “ನಾವು ಕ್ಷೇಮ” ಎಂಬ ಮಾತು ಇಲ್ಲಿಗೆ ಮುಟ್ಟಿದರೆ ಈ ಶ್ರಮವೆಲ್ಲ ಸಾರ್ಥಕ.

 ಜಯ ಕರ್ನಾಟಕ.