ಹಾವು ಹಲ್ಲಿಗಳ ನೆರೆಯಲ್ಲಿ

ಪೇಟೆಯಲ್ಲಿ ಮನೆ ಮಾಡಿದವನನ್ನು ಸ್ನೇಹಿತರು ಬಾಡಿಗೆ ಎಷ್ಟೆಂದು ಕೇಳುತ್ತಾರೆ. ಊರ ಹೊರಗೆ ತೋಟದಲ್ಲಿ ಮನೆ ಮಾಡಿದವನನ್ನು ಹಾವು ಎಷ್ಟೆಂದು ಕೇಳುತ್ತಾರೆ. ಮೈಸೂರಿನಿಂದ ಕೆಲವು ಮೈಲಿಗಳ ದೂರದಲ್ಲಿ, ಕುರುಚಲು ಕಾಡಿನ ಅಂಚಿಗೆ ತಾಗಿದ ಸಣ್ಣದೊಂದು ತೆಂಗಿನ ತೋಟದಲ್ಲಿ ವಾಸಮಾಡುವ ನನಗೆ ಈ ಪ್ರಶ್ನೆ ಅಭ್ಯಾಸವಾಗಿಹೋಗಿದೆ. ಕೇಳುವವರಲ್ಲಿ ಎರಡು ಪಂಗಡಗಳುಂಟು. "ಕಂಡೊಡನೆ ಹೊಡೆಸಿಬಿಡಿ" ಎನ್ನುವವರು ಒಂದು ಪಂಗಡ; "ಪಾಪ, ಅದರ ಪಾಡಿಗೆ ಅದು ಇರಲಿ ಬಿಡಿ" ಎನ್ನುವವರು ಮತ್ತೊಂದು. ಎರಡು ಪಂಗಡದವರೂ ಪೇಟೆಯಲ್ಲಿಯೇ ವಾಸಿಸುವವರೆಂಬುದು ಗಮನಿಸತಕ್ಕ ವಿಷಯ. ಈ ಎರಡು ಉಪದೇಶಗಳಲ್ಲಿ ಒಂದೂ ಸಾಲದೆಂಬುದನ್ನು ಈ ಹೊತ್ತು ತಮ್ಮಲ್ಲಿ ಅರಿಕೆಮಾಡಬೇಕೆಂದಿದ್ದೇನೆ.

ಮೊದಲು ನೆರೆಹೊರೆಯವರ ಪರಿಚಯವಾಗಲಿ. ಮನೆಯ ಒಳಗೇ ಇರುವ, ಬಾಡಿಗೆ ಕೊಡದ ಒಕ್ಕಲೆಂದರೆ ಗೋಡೆಯ ಹಲ್ಲಿ. ಅದು ಲೊಚಗುಟ್ಟಿದರೆ ನಮ್ಮ ಹಿರಿಯರು "ಕೃಷ್ಣ ಕೃಷ್ಣ" ಎಂದು ಬೆರಳಿನಿಂದ ನೆಲ ತಟ್ಟುತ್ತಾರೆ. ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಫಲವನ್ನು ಹುಡುಕುತ್ತಾರೆ. ಫಲ ಏನೇ ಇರಲಿ, ದೀಪ ಹತ್ತಿದ ಮೇಲೆ ಅದು ನುಂಗುವ ಹುಳುಹುಪ್ಪಟೆಗಳ ಲೆಕ್ಕ ನಮಗೆ ಲಾಭವೇ. ಅಂಗಳದ ಬೇಲಿಯಲ್ಲಿ ಓತಿಕೇತ ಇದೆ. ಬೆದೆಯ ಕಾಲದಲ್ಲಿ ಗಂಡಿನ ತಲೆ ಕತ್ತುಗಳು ಕೆಂಪೇರುವುದನ್ನು ಕಂಡು ಅದು ದೂರದಿಂದಲೇ ರಕ್ತ ಹೀರುತ್ತದೆಂದು ಮಕ್ಕಳು ಹೆದರುವುದುಂಟು. ಪಾಪ, ಅದು ಹೆಣ್ಣಿನ ಮುಂದೆ ತನ್ನ ಠೀವಿಯನ್ನು ತೋರುತ್ತಿರುತ್ತದೆ, ಅಷ್ಟೆ. ಹೂವಿನ ಪಾತಿಯಲ್ಲಿ ನುಣುಪಾಗಿ ಹೊಳೆಯುತ್ತ ಸರಿದು ಮಾಯವಾಗುವುದು ಹಾವುರಾಣಿ. ಹೆಸರು ದೊಡ್ಡದಾದುದರಿಂದಲೋ ಏನೋ, ಅದರ ವಿಷಕ್ಕೆ ಮದ್ದೇ ಇಲ್ಲವೆಂಬ ಕೀರ್ತಿ ಹಳ್ಳಿಗಳಲ್ಲಿ ಹಬ್ಬಿದೆ. ವಾಸ್ತವವಾಗಿ ಮನುಷ್ಯನನ್ನು ಕೊಲ್ಲಬಲ್ಲ ವಿಷವುಳ್ಳ ಹಲ್ಲಿಯ ಜಾತಿ ನಮ್ಮ ದೇಶದಲ್ಲಿ ಒಂದೂ ಇಲ್ಲ.

ಈ ಕುಲಕ್ಕೆಲ್ಲ ಯಜಮಾನನಂತಿರುವುದು ಉಡ. ಬದುವಿನ ಮೇಲೆ ಸೀಳುನಾಲಗೆಯನ್ನು ಚಾಚುತ್ತ ಗಂಭೀರವಾಗಿ ನಡೆದು ಇಲಿ, ಏಡಿ, ಮೊಟ್ಟೆ, ಸತ್ತ ಪ್ರಾಣಿ ಎಲ್ಲವನ್ನೂ ಅದು ತಿಂದು ತೀರಿಸುತ್ತದೆ. ನಮ್ಮ ಭಾಷೆಗೆ "ಉಡದ ಪಟ್ಟು" ಎಂಬ ಮಾತನ್ನು ಕೊಟ್ಟ ಈ ಪ್ರಾಣಿಯನ್ನು ಮಾಂಸಕ್ಕಾಗಿಯೂ ಚರ್ಮಕ್ಕಾಗಿಯೂ ಬಹುಕಾಲ ಬೇಟೆಯಾಡಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಉಡವನ್ನು ಕೊಲ್ಲುವುದು ದಂಡನಾರ್ಹವಾದ ಅಪರಾಧ.

ಇನ್ನು ಹಾವುಗಳು. ಭಾರತದಲ್ಲಿ ಮುನ್ನೂರಕ್ಕೂ ಮಿಕ್ಕ ಹಾವಿನ ಜಾತಿಗಳಿವೆ. ಅವುಗಳಲ್ಲಿ ಹೆಚ್ಚಿನವು ಮನುಷ್ಯನಿಗೆ ನಿರಪಾಯಕಾರಿಗಳು. ನಮ್ಮ ತೋಟದಲ್ಲಿ ಪದೇಪದೇ ಕಣ್ಣಿಗೆ ಬೀಳುವುದು ಕೇರೆ. ಆರೇಳು ಅಡಿ ಉದ್ದ ಬೆಳೆಯುವ ಈ ಸಾಧುಪ್ರಾಣಿ ನಾಗರಹಾವೆಂಬ ಭ್ರಾಂತಿಗೆ ಸಿಕ್ಕಿ ಪೆಟ್ಟು ತಿನ್ನುವುದೇ ಹೆಚ್ಚು. ಎರಡು ಗಂಡು ಕೇರೆಗಳು ಹೆಣೆದುಕೊಂಡು ಒಂದನ್ನೊಂದು ನೆಲಕ್ಕೊತ್ತಲು ಹೆಣಗುವ ಕುಸ್ತಿಯನ್ನು ಕಂಡು ಜನ ಕೇರೆಗೂ ನಾಗರಕ್ಕೂ ಸಂಬಂಧ ಕಲ್ಪಿಸಿದ್ದಾರೆ. ಕಾಳಿಂಗವೂ ಇದೆಯೇ ಎಂದು ಕೇಳುವವರುಂಟು. ಇಲ್ಲ, ಅದು ಆಗುಂಬೆಯಂಥ ಮಳೆಕಾಡಿನ ಪ್ರಾಣಿ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮಘಟ್ಟದ ಕಾಳಿಂಗವನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿ, ಕನ್ನಡದ "ಕಾಳಿಂಗ" ಶಬ್ದವನ್ನೇ ಅದರ ಶಾಸ್ತ್ರೀಯ ನಾಮದಲ್ಲಿ ಸೇರಿಸಿದರೆಂಬುದು ನಮಗೆ ಹೆಮ್ಮೆಯ ಸಂಗತಿ.

ನಿಜವಾಗಿ ಎಚ್ಚರ ಬೇಕಾದುದು ನಾಲ್ಕರ ವಿಷಯದಲ್ಲಿ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಇವುಗಳ ಸ್ವಭಾವ ಒಂದರಂತೆ ಇನ್ನೊಂದರದಲ್ಲ. ನಾಗರ ಹೆಡೆಯೆತ್ತಿ ಎಚ್ಚರಿಸುತ್ತದೆ. ಗರಗಸಮಂಡಲ ಮೈಯ ಪೊರೆಗಳನ್ನು ಒಂದಕ್ಕೊಂದು ಉಜ್ಜಿ ಸದ್ದು ಮಾಡುತ್ತದೆ. ಕೊಳಕುಮಂಡಲ ಒಣ ಎಲೆಗಳ ನಡುವೆ ಒಣ ಎಲೆಯಂತೆಯೇ ಸುತ್ತಿಕೊಂಡು ಬಿದ್ದಿರುತ್ತದೆ. ಹತ್ತಿರ ಬಂದರೆ ಜೋರಾಗಿ ಬುಸುಗುಟ್ಟುವುದೇನೋ ನಿಜ, ಆದರೆ ಕಳೆ ಕೀಳುತ್ತ ಬಗ್ಗಿದವರ ಕೈ ಅಷ್ಟರಲ್ಲಿ ಅದರ ಮೇಲೆಯೇ ಬಿದ್ದಿರಬಹುದು. ಕಟ್ಟುಹಾವು ಹಗಲು ಅಡಗಿದ್ದು ರಾತ್ರಿ ಸಂಚರಿಸುತ್ತದೆ, ಮನೆಯೊಳಕ್ಕೂ ಬರುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಆ ಕಡಿತ ಎಷ್ಟೋ ವೇಳೆ ಸೊಳ್ಳೆ ಕಚ್ಚಿದಷ್ಟೂ ನೋಯುವುದಿಲ್ಲ. ಬೆಳಗಿನ ಜಾವಕ್ಕೆ ಹೊಟ್ಟೆನೋವೆಂದು ಎದ್ದವನಿಗೆ ರೆಪ್ಪೆಗಳು ಜೋತುಬಿದ್ದು, ಮಾತು ತೊದಲಿ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ.

ಇಷ್ಟು ಕೇಳಿದ ಮೇಲೆ "ಹೊಡೆಸಿಬಿಡಿ" ಎನ್ನುವವರ ಪಕ್ಷ ಬಲವಾಯಿತೆಂದು ತಮಗೆ ತೋರಬಹುದು. ಆದರೆ ಹಾವು ನಮ್ಮ ಮನೆಗೆ ಬರುವುದು ನಮ್ಮನ್ನು ಅರಸಿಕೊಂಡಲ್ಲ, ಇಲಿಯನ್ನು ಅರಸಿಕೊಂಡು. ಅದು ಬಿಲ ತೋಡುವ ಕಷ್ಟಕ್ಕೂ ಹೋಗುವುದಿಲ್ಲ. ಇಲಿ ತೋಡಿದ ಬಿಲ, ಗೆದ್ದಲು ಕಟ್ಟಿದ ಹುತ್ತ, ನಾವು ರಾಶಿಹಾಕಿದ ಕಲ್ಲು ಸೌದೆಗಳೇ ಅದಕ್ಕೆ ಸಿದ್ಧವಾದ ಮನೆ. ಹಿತ್ತಿಲಲ್ಲಿ ತೆಂಗಿನ ಮಟ್ಟೆಯ ರಾಶಿಯನ್ನೂ ಉಗ್ರಾಣದಲ್ಲಿ ಇಲಿಗಳ ಸಂತತಿಯನ್ನೂ ಹಾಗೆಯೇ ಬಿಟ್ಟು, ಕಂಡ ಹಾವನ್ನು ಮಾತ್ರ ಕೊಲ್ಲುವವನು ಬಾಗಿಲು ತೆರೆದಿಟ್ಟು ಬಂದವರನ್ನು ಬಯ್ಯುವವನಂತೆ. ಇಲಿ ತಿನ್ನುವ ಕೇರೆಯನ್ನು ಕೊಂದರೆ ಇಲಿಗೇ ಉಪಕಾರ. ಇಲಿ ಹೆಚ್ಚಿದರೆ ನಾಗರಕ್ಕೆ ಆಮಂತ್ರಣ. ಅದೂ ಅಲ್ಲದೆ, ತಪ್ಪಿಸಿಕೊಂಡು ಹೋಗಲು ದಾರಿಯಿರುವ ಹಾವಿಗಿಂತ ಕೋಲಿನ ಪೆಟ್ಟು ತಿಂದು ಮೂಲೆಗೆ ಸಿಕ್ಕಿದ ಹಾವು ಹೆಚ್ಚು ಅಪಾಯಕಾರಿ. ಕಾನೂನಿನ ಮಾತಂತೂ ಇದ್ದೇ ಇದೆ.

ಹಾಗಾದರೆ ಪೂಜೆಯೇ ಪರಿಹಾರವೇ? ಶ್ರಾವಣದ ಪಂಚಮಿಯ ದಿನ ನಾಗರಕಲ್ಲಿಗೆ ಹಾಲೆರೆಯುವ ನಾವು ಮರುದಿನ ಜೀವಂತ ನಾಗರಕ್ಕೆ ದೊಣ್ಣೆ ಎತ್ತುತ್ತೇವೆ. ಈ ವೈಚಿತ್ರ್ಯವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಎತ್ತಿ ತೋರಿಸಿದರು. ಹಾಲು ಹಾವಿನ ಆಹಾರವಲ್ಲವೆಂಬುದು ಹಾಗಿರಲಿ. ದೊಣ್ಣೆಗೂ ಹಾಲಿಗೂ ಇರುವ ಸಮಾನ ದೋಷವೆಂದರೆ, ಎರಡೂ ಹಾವಿನ ದಿನಚರಿಯನ್ನು ತಿಳಿಯುವ ಶ್ರಮವನ್ನು ತಪ್ಪಿಸುತ್ತವೆ. ಕರಾವಳಿಯ ನಾಗಬನಗಳ ಮಾತು ಬೇರೆ. ಅಲ್ಲಿ ಭಕ್ತಿಯ ನೆಪದಲ್ಲಿ ಮರಗಿಡಗಳ ಒಂದು ತುಣುಕಾದರೂ ಕೊಡಲಿಯ ಬಾಯಿಂದ ಉಳಿದುಕೊಂಡಿದೆ.

ಇನ್ನು ಎರಡನೆಯ ಪಂಗಡದವರ ಕಡೆಗೆ ತಿರುಗುತ್ತೇನೆ. ನಾನೂ ಮನಸ್ಸಿನಲ್ಲಿ ಈ ಪಂಗಡಕ್ಕೇ ಸೇರಿದವನಾದುದರಿಂದ ಅವರನ್ನು ಹೆಚ್ಚು ಕಠಿಣವಾಗಿ ಪರೀಕ್ಷಿಸುವುದು ನ್ಯಾಯ. ಒಂದು ಭಾನುವಾರ ನಗರದಿಂದ ಬಂದ ಸ್ನೇಹಿತರೊಬ್ಬರು ಬದುವಿನ ಮೇಲೆ ಹರಿದುಹೋದ ಕೇರೆಯನ್ನು ಕಂಡು, ಅದರ ಮೈಬಣ್ಣವನ್ನೂ ನಡೆಯ ಬೆಡಗನ್ನೂ ಬಹಳವಾಗಿ ಹೊಗಳಿದರು. ಪಕ್ಕದ ಪಾತಿಯಲ್ಲಿ ಕಳೆ ಕೀಳುತ್ತಿದ್ದ ಹಿರಿಯ ಹೆಂಗಸೊಬ್ಬಳು ತಲೆಯೆತ್ತಿ ಹೇಳಿದಳು: "ನಿಮ್ಮ ಕಾಲಲ್ಲಿ ಬೂಟದೆ ಸ್ವಾಮಿ, ನಿಮಗೆ ಹಾವು ಚೆಂದಾಗೇ ಕಾಣ್ತದೆ." ಸ್ನೇಹಿತರು ನಕ್ಕರು. ಆಕೆ ನಗಲಿಲ್ಲ, ಮತ್ತೆ ಕಳೆಗೆ ಕೈಯಿಟ್ಟಳು.

ಆಕೆಯ ಒಂದು ವಾಕ್ಯದಲ್ಲಿರುವುದನ್ನೇ ಪಂಡಿತರು ಅಂಕಿಗಳಲ್ಲಿ ಹೇಳಿದ್ದಾರೆ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ಎಂದರೆ ವರ್ಷಕ್ಕೆ ಸರಾಸರಿ 58,000. ಅವರಲ್ಲಿ ಕಾಲುಭಾಗಕ್ಕೂ ಮಿಕ್ಕಿ ಹದಿನೈದು ವರ್ಷದೊಳಗಿನ ಮಕ್ಕಳು. ಸಾವುಗಳಲ್ಲಿ ಹೆಚ್ಚಿನವು ಹಳ್ಳಿಗಳಲ್ಲಿ ಆದವು. ಸುಮಾರು ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಆದವು. ಬಿಲಗಳಿಗೆ ನೀರು ನುಗ್ಗುವುದು ಆಗಲೇ. ಜನ ಬರಿಗಾಲಲ್ಲಿ ಕೆಸರಿಗಿಳಿಯುವುದೂ ಆಗಲೇ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತದ ವಿಷಬಾಧೆಯನ್ನು ಕಡೆಗಣಿಸಲ್ಪಟ್ಟ ರೋಗಗಳ ಪಟ್ಟಿಗೆ ಸೇರಿಸಿತು. ಕಡೆಗಣಿಸಿದುದೇಕೆಂದರೆ, ಕಚ್ಚಿಸಿಕೊಳ್ಳುವವರು ಕಡೆಗಣಿಸಲ್ಪಟ್ಟವರು.

ಆದುದರಿಂದ ಹಾವಿನೊಡನೆ ಬಾಳುವುದೆಂಬುದು ದಯೆಯ ಪ್ರಶ್ನೆ ಮಾತ್ರವಲ್ಲ, ವೆಚ್ಚದ ಪ್ರಶ್ನೆ. ಹಾವಿನ ಚೆಲುವು ಒಡೆಯನಿಗೆ, ಹಾವಿನ ಹಲ್ಲು ಆಳಿಗೆ ಎಂಬ ಏರ್ಪಾಡನ್ನು ಸಹಬಾಳ್ವೆಯೆಂದು ಕರೆಯಲಾಗದು. ತನ್ನ ನೆಲದಲ್ಲಿ ಹಾವು ಬದುಕಲೆಂದು ಬಯಸುವವನು ಅದರ ಕಂದಾಯವನ್ನು ತಾನೇ ತೆರಬೇಕು. ಆ ಕಂದಾಯ ಏನು ಮಹಾ ದೊಡ್ಡದಲ್ಲ. ಗದ್ದೆ ತೋಟಗಳಿಗೆ ಇಳಿಯುವ ಪ್ರತಿಯೊಬ್ಬರಿಗೂ ಮೊಣಕಾಲಿನವರೆಗೆ ಬರುವ ರಬ್ಬರು ಬೂಟು. ಪೊದೆ ಸರಿಸಲು ಒಂದು ಉದ್ದನೆಯ ಕೋಲು. ಕತ್ತಲೆಯಲ್ಲಿ ತಿರುಗುವವರ ಕೈಗೊಂದು ಬ್ಯಾಟರಿ. ಆಳಿನ ಮನೆಯಲ್ಲಿ ನೆಲದ ಹಾಸಿಗೆಯ ಬದಲು ಮಂಚ. ಮಂಚಕ್ಕೆ ಸೊಳ್ಳೆಪರದೆ, ಅದರ ಅಂಚನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿರಬೇಕು. ಸೊಳ್ಳೆಪರದೆ ಹಾವನ್ನು ತಡೆಯುವುದೇ ಎಂದು ನಗಬೇಡಿ. ನೇಪಾಳದ ಆಗ್ನೇಯ ಭಾಗದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪರದೆಯೊಳಗೆ ಮಲಗುವವರಿಗೆ ಹಾವು ಕಡಿತದಿಂದ ರಕ್ಷಣೆಯುಂಟೆಂದು ತೋರಿಸಿದೆ. ಕಾಳುಕಡ್ಡಿಯನ್ನು ಮಲಗುವ ಕೋಣೆಯಿಂದ ದೂರವಿಡಬೇಕು. ಸೌದೆಯ ಒಟ್ಟಿಲು ಗೋಡೆಗೆ ತಾಗಿರಕೂಡದು. ಮನೆಯ ಸುತ್ತ ಹತ್ತು ಮಾರು ನೆಲ ಚೊಕ್ಕಟವಾಗಿದ್ದರೆ, ಅದರಾಚೆಗಿನ ಪೊದೆಯನ್ನು ಹಾವಿಗೆ ಧಾರಾಳವಾಗಿ ಬಿಟ್ಟುಕೊಡಬಹುದು.

ಇಷ್ಟಾದರೂ ಕಚ್ಚಿದರೆ? ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಮಂತ್ರಿಸುವವನ ಮನೆಗೆ ಒಯ್ಯುವುದು, ಹಾವನ್ನು ಹಿಡಿಯಲು ಅಟ್ಟಿಸಿಕೊಂಡು ಹೋಗುವುದು, ಇವೆಲ್ಲ ಹೊತ್ತುಗೆಡಿಸುವ, ಕೇಡನ್ನು ಹೆಚ್ಚಿಸುವ ಕೆಲಸಗಳು. ಕಚ್ಚಿದ ಅಂಗವನ್ನು ಅಲುಗಾಡದಂತೆ ಇರಿಸಿ, ರೋಗಿಯನ್ನು ನಡೆಸದೆ, 108ಕ್ಕೆ ಕರೆಮಾಡಿಯೋ ಸಿಕ್ಕಿದ ವಾಹನದಲ್ಲಿಯೋ ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು. ಹತ್ತಿರದಲ್ಲಿ ಅಂಥ ಆಸ್ಪತ್ರೆ ಯಾವುದೆಂಬುದನ್ನು ವಿಚಾರಿಸತಕ್ಕದ್ದು ಮಳೆಗಾಲಕ್ಕೆ ಮೊದಲು, ಕಚ್ಚಿದ ಮೇಲಲ್ಲ. ನಮ್ಮ ರಾಜ್ಯದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತದ ಪ್ರತಿಯೊಂದು ಪ್ರಸಂಗವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿಮಾಡಬೇಕೆಂದು ವಿಧಿಸಲಾಗಿದೆ. ಲೆಕ್ಕಕ್ಕೇ ಬಾರದೆ ಸತ್ತವರು ಇನ್ನು ಮೇಲಾದರೂ ಲೆಕ್ಕಕ್ಕೆ ಬರುವರು. ಲೆಕ್ಕಕ್ಕೆ ಬಂದವರಿಗೆ ಔಷಧ ತಲುಪುವುದು ಸುಲಭ.

ಆ ಔಷಧದ ಕಥೆಯಲ್ಲಿಯೇ ಒಂದು ನೀತಿಯುಂಟು. ಹಾವಿನ ವಿಷವನ್ನು ಸ್ವಲ್ಪಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಉತ್ಪನ್ನವಾದ ಪ್ರತಿವಸ್ತುವಿನಿಂದ ಈ ಮದ್ದನ್ನು ತಯಾರಿಸುತ್ತಾರೆ. ಆ ವಿಷವನ್ನು ಬಹುಮಟ್ಟಿಗೆ ಒದಗಿಸುವವರು ತಮಿಳುನಾಡಿನ ಇರುಳರು. ಒಂದು ಕಾಲಕ್ಕೆ ಹಾವುಗಳನ್ನು ಚರ್ಮಕ್ಕಾಗಿ ಹಿಡಿಯುತ್ತಿದ್ದ ಈ ಜನ 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು, ಹಾವನ್ನು ಹಿಡಿದು, ವಿಷ ತೆಗೆದು, ಮತ್ತೆ ಅದನ್ನು ಕಾಡಿಗೆ ಬಿಡುವ ಕಸುಬಿಗೆ ತಿರುಗಿದರು. ಹಾವಿಲ್ಲದೆ ಹಾವಿನ ಮದ್ದಿಲ್ಲ. ಹಾವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಬರಿಗಾಲಿನ ಬಡವರೆಂಬುದೂ ಇದರಿಂದ ತಿಳಿಯುವುದು.

"ಹಾವು ಸಾಯಬಾರದು, ಕೋಲು ಮುರಿಯಬಾರದು" ಎಂಬ ಗಾದೆಯನ್ನು ನಾವು ಇಕ್ಕಟ್ಟಿನಿಂದ ಜಾಣತನದಲ್ಲಿ ನುಣುಚಿಕೊಳ್ಳುವವರ ವಿಷಯದಲ್ಲಿ ಬಳಸುತ್ತೇವೆ. ತೋಟದ ಬಾಳಿಗೆ ಅದನ್ನು ಅಕ್ಷರಶಃ ಅನ್ವಯಿಸಿಕೊಂಡರೆ ಅದರಷ್ಟು ಒಳ್ಳೆಯ ಸೂತ್ರ ಮತ್ತೊಂದಿಲ್ಲ. ಆದರೆ ಅದಕ್ಕೆ ಮೂರನೆಯದೊಂದು ಚರಣವನ್ನು ಸೇರಿಸಿಕೊಳ್ಳಬೇಕು: ಕಳೆ ಕೀಳುವವಳ ಕಾಲು ಬರಿದಾಗಿರಬಾರದು.