ನಿಯಮ ಒಂದು, ಉಪಕರಣ ಹಲವು: ಗ್ರಾಮ ಪಂಚಾಯಿತಿಗಳಲ್ಲಿ ಸಂರಚನಾ ಮಾದರಿಯ ಬಳಕೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯ ಅಂಗವಾಗಿ ಬೆಂಗಳೂರಿನ ಗಾಂಧಿನಗರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ. ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಗಾಂಧಿನಗರದ ಮಗ್ಗುಲಲ್ಲೇ ಇರುವ ಕೆಂಪೇಗೌಡ ಬಸ್ ನಿಲ್ದಾಣವು ಇಂದಿನ ವಿಷಯಕ್ಕೆ ಒಳ್ಳೆಯ ನಿದರ್ಶನ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಿತು. ರಾಜ್ಯದ ಮಹಿಳೆಯರಿಗೆ ಸಾಮಾನ್ಯ, ನಗರ ಮತ್ತು ವೇಗದೂತ ಬಸ್ಸುಗಳಲ್ಲಿ ಶೂನ್ಯ ದರದ ಟಿಕೆಟ್ ನೀಡಬೇಕಾಯಿತು. ರಾಜಹಂಸ, ಐರಾವತ, ವಜ್ರದಂತಹ ಸೇವೆಗಳಿಗೆ ಈ ಸೌಲಭ್ಯ ಅನ್ವಯಿಸಲಿಲ್ಲ. 2025ರ ಜನವರಿ 5ರಿಂದ ಬಸ್ ಪ್ರಯಾಣ ದರ ಶೇ. 15ರಷ್ಟು ಏರಿತು, ಬೆಂಗಳೂರು ನಗರ ಸಾರಿಗೆಯ ಕನಿಷ್ಠ ದರ 5 ರೂಪಾಯಿಯಿಂದ 6 ರೂಪಾಯಿಗೆ ಬಂದಿತು. ನಿರ್ವಾಹಕರ ಕೈಯಲ್ಲಿರುವ ಟಿಕೆಟ್ ಯಂತ್ರಗಳೆಲ್ಲವೂ ಈ ಬದಲಾವಣೆಗಳನ್ನು ಏಕಕಾಲಕ್ಕೆ ಅರಿಯಬೇಕಿತ್ತು. ಪ್ರತಿಯೊಬ್ಬ ನಿರ್ವಾಹಕರೂ ದರಪಟ್ಟಿಯನ್ನು ಸ್ವತಃ ಯಂತ್ರಕ್ಕೆ ತುಂಬಬೇಕೆಂದಾಗಿದ್ದರೆ, ಒಂದೇ ಮಾರ್ಗದ ಎರಡು ಬಸ್ಸುಗಳಲ್ಲಿ ಎರಡು ದರಗಳು ಕಾಣಿಸಿಕೊಂಡು, ಒಂದು ರೂಪಾಯಿಗಾಗಿ ಪ್ರಯಾಣಿಕರಿಗೂ ನಿರ್ವಾಹಕರಿಗೂ ಜಗಳವಾಗುತ್ತಿತ್ತು.

ನಿಯಮವನ್ನು ಒಂದೆಡೆ ಬರೆದು, ಅದೇ ನಿಯಮವನ್ನು ಎಲ್ಲ ಯಂತ್ರಗಳಿಗೂ ಕಳುಹಿಸುವ ಈ ಕ್ರಮಕ್ಕೆ ತಂತ್ರಜ್ಞರು ಕಾನ್ಫಿಗರೇಶನ್ ಟೆಂಪ್ಲೇಟ್ ಎನ್ನುತ್ತಾರೆ. ಕನ್ನಡದಲ್ಲಿ ಸಂರಚನಾ ಮಾದರಿ ಎನ್ನಬಹುದು.

ಇದರ ಅಗತ್ಯ ಈಗ ಗ್ರಾಮ ಪಂಚಾಯಿತಿಗಳಿಗೂ ಬಂದಿದೆ. ಪಂಚತಂತ್ರ ಮತ್ತು ಇ-ಸ್ವತ್ತು ತಂತ್ರಾಂಶಗಳಿಗೆ ಕಚೇರಿಯಲ್ಲಿ ಗಣಕಯಂತ್ರಗಳಿವೆ. ಬಾಪೂಜಿ ಸೇವಾ ಕೇಂದ್ರದ ಕೆಲಸವೂ ಗಣಕಯಂತ್ರದ ಮೇಲೆಯೇ ನಡೆಯುತ್ತದೆ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹಸ್ತಾಂತರವಾದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳಾಗಿವೆ. ಅವುಗಳಲ್ಲಿ ಮಕ್ಕಳ ಓದಿಗಾಗಿ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳು ಬಂದಿವೆ. ಉಪಕರಣ ದಾಸ್ತಾನು ವಹಿಗೆ ಏರುತ್ತದೆ. ಆದರೆ ಅದರೊಳಗೆ ಏನಿರಬೇಕು, ಏನಿರಬಾರದು ಎಂಬುದು ಅನೇಕ ಕಡೆ ಯಾವ ವಹಿಯಲ್ಲೂ ಇರುವುದಿಲ್ಲ.

ಇದರಿಂದ ಆಗುವ ನಷ್ಟ ಎರಡು ಬಗೆಯದು. ಮೊದಲನೆಯದು ಸಿಬ್ಬಂದಿ ಬದಲಾದಾಗ ಕಾಣಿಸಿಕೊಳ್ಳುತ್ತದೆ. ಮೊಬೈಲನ್ನು ಸಿಬ್ಬಂದಿಯೊಬ್ಬರ ವೈಯಕ್ತಿಕ ಗೂಗಲ್ ಖಾತೆಯಿಂದ ಆರಂಭಿಸಿದ್ದು, ಅವರು ವರ್ಗವಾದ ಮೇಲೆ ಯಾರಾದರೂ ಗುಂಡಿಗಳನ್ನು ಒತ್ತಿ ಅದನ್ನು ಅಳಿಸಿ ಮೊದಲಿನ ಸ್ಥಿತಿಗೆ ತಂದರೆ, ಆ ಮೊಬೈಲ್ ಹಿಂದಿನ ಖಾತೆಯ ಗುಪ್ತಪದವನ್ನೇ ಕೇಳುತ್ತದೆ. ಕಳ್ಳರಿಗೆ ಉಪಯೋಗವಾಗಬಾರದೆಂದು ಆಂಡ್ರಾಯ್ಡ್‌ನಲ್ಲಿರುವ ಈ ರಕ್ಷಣೆಯೇ ಪಂಚಾಯಿತಿಗೆ ತೊಡಕಾಗುತ್ತದೆ. ಎರಡನೆಯ ನಷ್ಟ ಇನ್ನೂ ದೊಡ್ಡದು. ಮಕ್ಕಳು ನೋಡಬಾರದ್ದನ್ನು ನೋಡಿಯಾರು, ಹಾಳುಮಾಡಿಯಾರು ಎಂಬ ಅಂಜಿಕೆಯಿಂದ ಮೇಲ್ವಿಚಾರಕರು ಉಪಕರಣವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಹೊಣೆ ತಮ್ಮ ಮೇಲೆ ಬರುವಾಗ ಅವರು ಅಂಜುವುದು ಸಹಜ. ಮನೆಯಲ್ಲಿ ಮೊಬೈಲ್ ಇಲ್ಲದ ಮಗುವಿಗೆ ಮಾತ್ರ ಆ ಬೀಗ ತೆರೆಯುವುದೇ ಇಲ್ಲ.

ಎರಡಕ್ಕೂ ಪರಿಹಾರ ಸಂರಚನಾ ಮಾದರಿಯಲ್ಲಿದೆ. ಅದನ್ನು ಮೂರು ಪದರಗಳಲ್ಲಿ ಬರೆಯುವುದು ಸೂಕ್ತ.

ಮೊದಲ ಪದರ ಎಲ್ಲ ಉಪಕರಣಗಳಿಗೂ ಸಮಾನ: ಪರದೆಯ ಬೀಗ, ತಾನಾಗಿ ಸರಿಹೊಂದುವ ದಿನಾಂಕ ಮತ್ತು ಸಮಯ, ಕನ್ನಡ ಕೀಲಿಮಣೆ, ರಕ್ಷಣಾ ಪರಿಷ್ಕರಣೆಗಳು ಕಚೇರಿ ವೇಳೆಯ ಹೊರಗೆ ನಡೆಯುವ ವ್ಯವಸ್ಥೆ.

ಎರಡನೆಯ ಪದರ ಉಪಯೋಗಕ್ಕೆ ತಕ್ಕದ್ದು. ಅರಿವು ಕೇಂದ್ರದ ಟ್ಯಾಬ್ಲೆಟ್‌ನಲ್ಲಿ ಓದಿಗೆ ಬೇಕಾದ ಆ್ಯಪ್‌ಗಳು ಮಾತ್ರ ಕಾಣಬೇಕು; ಹೊಸದನ್ನು ಸೇರಿಸಲು ಅವಕಾಶವಿರಬಾರದು. ಸೇವಾ ಕೇಂದ್ರದ ಗಣಕಯಂತ್ರದಲ್ಲಿ ಅರ್ಜಿದಾರರ ದಾಖಲೆಗಳಿರುವುದರಿಂದ, ಹೊರಗಿನ ಪೆನ್‌ಡ್ರೈವ್‌ಗೆ ತಡೆ ಇರಬೇಕು.

ಮೂರನೆಯ ಪದರ ಸ್ಥಳಕ್ಕೆ ಸೇರಿದ್ದು: ವೈ-ಫೈ ಹೆಸರು, ಮುದ್ರಣಯಂತ್ರ, ಉಪಕರಣದ ಕ್ರಮಸಂಖ್ಯೆ. ಇಲ್ಲಿ ಮಾದರಿಯು ಖಾಲಿ ಜಾಗಗಳನ್ನು ಬಿಟ್ಟಿರುತ್ತದೆ, ಜಾತಿ ಪ್ರಮಾಣ ಪತ್ರದ ನಮೂನೆಯಲ್ಲಿ ಹೆಸರು, ಗ್ರಾಮಗಳಿಗೆ ಜಾಗ ಬಿಟ್ಟಿರುವ ಹಾಗೆ. ನಮೂನೆ ಎಲ್ಲರಿಗೂ ಒಂದೇ. ತುಂಬುವ ವಿವರ ಮಾತ್ರ ಬೇರೆ.

ಅಳವಡಿಸುವ ವಿಧಾನ ಕಷ್ಟದ್ದೇನಲ್ಲ. ಆಂಡ್ರಾಯ್ಡ್ ಉಪಕರಣವು ಹೊಸದಾಗಿರಬೇಕು, ಇಲ್ಲವೇ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿರಬೇಕು. ಮೊದಲ ಪರದೆಯ ಮೇಲೆ ಒಂದೇ ಜಾಗದಲ್ಲಿ ಆರು ಬಾರಿ ಮುಟ್ಟಿದರೆ ಕ್ಯಾಮೆರಾ ತೆರೆಯುತ್ತದೆ. ನಿರ್ವಹಣಾ ತಂತ್ರಾಂಶ ನೀಡಿದ ಕ್ಯುಆರ್ ಸಂಕೇತವನ್ನು ಅದಕ್ಕೆ ತೋರಿಸಿದರೆ, ಮಾದರಿಯಲ್ಲಿ ಬರೆದದ್ದೆಲ್ಲ ತಾನಾಗಿ ಇಳಿಯುತ್ತದೆ. ಉಪಕರಣ ಎಸ್.ಪಿ. ರಸ್ತೆಯ ಅಂಗಡಿಯಿಂದ ಬಂದಿರಲಿ, ದಾನಿಗಳಿಂದ ಬಂದಿರಲಿ, ಪಾಲಿಸುವ ನಿಯಮ ಒಂದೇ ಆಗುತ್ತದೆ. ಅಳಿಸಿದ ಉಪಕರಣವನ್ನು ತೆರೆಯುವ ಅಧಿಕಾರ ಯಾವ ಖಾತೆಗೆ ಎಂಬುದನ್ನೂ ಮಾದರಿಯಲ್ಲೇ ಬರೆಯಬಹುದು. ಅದು ಪಂಚಾಯಿತಿಯ ಖಾತೆಯಾಗಿದ್ದರೆ ವರ್ಗಾವಣೆಯಿಂದ ತೊಂದರೆಯಾಗದು. ಕಳೆದುಹೋದ ಉಪಕರಣ ಅಂತರ್ಜಾಲಕ್ಕೆ ಬಂದೊಡನೆ ಅದನ್ನು ದೂರದಿಂದಲೇ ಅಳಿಸಲೂ ಬರುತ್ತದೆ.

ಒಂದು ಎಚ್ಚರಿಕೆ ಅವಶ್ಯ. ಸರಿಯಾದ ನಿಯಮ ಎಷ್ಟು ಬೇಗ ಎಲ್ಲೆಡೆ ತಲುಪುತ್ತದೆಯೋ ತಪ್ಪು ನಿಯಮವೂ ಅಷ್ಟೇ ಬೇಗ ತಲುಪುತ್ತದೆ. ವೈ-ಫೈ ಗುಪ್ತಪದದಲ್ಲಿ ಒಂದು ಅಕ್ಷರ ತಪ್ಪಿದರೆ ಎಲ್ಲ ಟ್ಯಾಬ್ಲೆಟ್‌ಗಳ ಸಂಪರ್ಕವೂ ಒಮ್ಮೆಗೇ ಕಡಿದುಹೋಗಬಹುದು. ಆದುದರಿಂದ ಬದಲಾವಣೆಯನ್ನು ಮೊದಲು ಎರಡು ಮೂರು ಉಪಕರಣಗಳಲ್ಲಿ ಪರೀಕ್ಷಿಸಿ, ಒಂದು ವಾರ ನೋಡಿ, ನಂತರ ಉಳಿದವಕ್ಕೆ ಕಳುಹಿಸತಕ್ಕದ್ದು. ಹಳೆಯ ಮಾದರಿಯನ್ನು ದಿನಾಂಕದೊಂದಿಗೆ ಕಾಯ್ದಿಡತಕ್ಕದ್ದು.

ಇಷ್ಟೆಲ್ಲ ತಂತ್ರಜ್ಞರ ಕೆಲಸವಲ್ಲವೇ, ಚುನಾಯಿತ ಸದಸ್ಯರಿಗೆ ಇದೇಕೆ ಎಂಬ ಪ್ರಶ್ನೆ ಏಳಬಹುದು. ಗುಂಡಿ ಒತ್ತುವವರು ತಂತ್ರಜ್ಞರು, ನಿಜ. ಆದರೆ ಹನ್ನೆರಡು ವರ್ಷದ ಮಗುವಿಗೆ ಯಾವ ಆ್ಯಪ್ ತೆರೆದಿರಬೇಕು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವತಿಗೆ ವೀಡಿಯೊ ಪಾಠ ಸಿಗಬೇಕೇ, ದೃಷ್ಟಿದೋಷವುಳ್ಳವರಿಗೆ ಪರದೆಯನ್ನು ಓದಿ ಹೇಳುವ ಸೌಲಭ್ಯ ತೆರೆದಿರಬೇಕೇ ಎಂಬುದು ಊರಿನ ತೀರ್ಮಾನ. ಸದಸ್ಯರು ತೀರ್ಮಾನಿಸದಿದ್ದರೆ ಅದನ್ನು ತಯಾರಕರ ಸೆಟ್ಟಿಂಗ್ ತೀರ್ಮಾನಿಸುತ್ತದೆ, ಇಲ್ಲವೇ ಬೀರುವಿನ ಬೀಗ ತೀರ್ಮಾನಿಸುತ್ತದೆ.

ಆದುದರಿಂದ ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಕೆಳಗಿನ ವಿಷಯಗಳನ್ನು ಚರ್ಚಿಸಿ, ನಡವಳಿಯಲ್ಲಿ ದಾಖಲಿಸುವುದು ಒಳಿತು:

1. ಪಂಚಾಯಿತಿಯ ಎಲ್ಲ ಉಪಕರಣಗಳ ಪಟ್ಟಿ. ಪ್ರತಿಯೊಂದರ ಉಪಯೋಗ ಮತ್ತು ಈಗ ಅದರಲ್ಲಿರುವ ಖಾತೆ.
2. ವೈಯಕ್ತಿಕ ಖಾತೆಗಳನ್ನು ತೆಗೆದು ಪಂಚಾಯಿತಿಯ ಖಾತೆಗೆ ಬದಲಿಸಲು ಗಡುವು.
3. ಪ್ರತಿ ಉಪಯೋಗಕ್ಕೂ ಅನುಮತಿಸುವ ಆ್ಯಪ್‌ಗಳ ಪಟ್ಟಿ, ಮೇಲ್ವಿಚಾರಕರ ಮತ್ತು ಬಳಕೆದಾರರ ಅಭಿಪ್ರಾಯ ಪಡೆದು.
4. ವಿನಾಯಿತಿ ನೀಡುವವರು ಯಾರು. ವಿನಾಯಿತಿಗೆ ಕಾರಣ ಮತ್ತು ಅವಧಿ.
5. ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ನಿರ್ವಹಣಾ ಖಾತೆಯ ಸೇರ್ಪಡೆ.

ಪಟ್ಟಿ ಸಿದ್ಧಪಡಿಸಲು ಖರ್ಚಿಲ್ಲ, ತಂತ್ರಾಂಶವೂ ಬೇಕಿಲ್ಲ. ಕಾಗದದ ಮೇಲೆಯೇ ಆರಂಭಿಸಬಹುದು. ಮೊದಲ ಹೆಜ್ಜೆಯಾಗಿ ಅರಿವು ಕೇಂದ್ರದ ಉಪಕರಣಗಳನ್ನು ಕೈಗೆತ್ತಿಕೊಂಡರೆ, ಅದರ ಪ್ರಯೋಜನ ಮಕ್ಕಳಿಗೆ ಬೇಗ ತಲುಪುತ್ತದೆ.