ಕಾಂಗ್ರೆಸ್ ಗಿಡದ ಜೀರುಂಡೆ

ಮುಂಗಾರಿನ ಮಳೆ ಹಿಡಿದ ಮೇಲೆ ಬೆಂಗಳೂರಿನ ಖಾಲಿ ನಿವೇಶನಗಳಲ್ಲಿ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಸೊಂಪಾಗಿ ಏಳುತ್ತದೆ. ಬಾಗಿ ನೋಡುವವರಿಗೆ ಅದರ ಎಲೆಗಳ ಮೇಲೆ, ಮಾಸಲು ಬಿಳಿಯ ಬೆನ್ನಿಗೆ ಕಂದು ಗೀರುಗಳನ್ನೆಳೆದಂತಿರುವ, ಅವರೆಕಾಳಿಗಿಂತ ಚಿಕ್ಕ ಜೀರುಂಡೆ ಕಾಣಸಿಗುತ್ತದೆ. ಗಿಡವೂ ಕೀಟವೂ ಅಮೆರಿಕ ಖಂಡದವೇ. ಗಿಡ ಯಾರೂ ಬಯಸದೆ ನುಸುಳಿದ್ದು; ಜೀರುಂಡೆಯನ್ನಾದರೋ ವಿಜ್ಞಾನಿಗಳೇ ಮೆಕ್ಸಿಕೊದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕಳೆಯನ್ನು ಅದರ ಸಹಜ ಶತ್ರುವಿನಿಂದಲೇ ಹತೋಟಿಗೆ ತರುವ ಈ ಕ್ರಮಕ್ಕೆ ಜೈವಿಕ ನಿಯಂತ್ರಣವೆಂದು ಹೆಸರು.

ಹೆಣ್ಣು ಜೀರುಂಡೆ ಹೆಚ್ಚಾಗಿ ಎಲೆಯಡಿಯಲ್ಲಿ ಮೊಟ್ಟೆಯಿಡುತ್ತದೆ; ಹೊರಬಂದ ಮರಿಹುಳುಗಳು ಮೊದಲು ಕುಡಿಯನ್ನು, ಬಳಿಕ ಎಲೆಯನ್ನು ಮೇಯುತ್ತಾ ಬೆಳೆದು, ಮಣ್ಣಿಗಿಳಿದು ಕೋಶಾವಸ್ಥೆಯನ್ನು, ಎಂದರೆ ಹುಳು ಜೀರುಂಡೆಯಾಗುವ ಹಂತವನ್ನು, ಕಳೆಯುತ್ತವೆ. ಕುಡಿ ಕಳೆದುಕೊಂಡ ಗಿಡದಲ್ಲಿ ಹೂ ಕಡಿಮೆ, ಬೀಜವೂ ಕಡಿಮೆ. ಒಣ ತಿಂಗಳುಗಳಲ್ಲಿ ಬೆಳೆದ ಜೀರುಂಡೆಗಳು ಮಣ್ಣೊಳಗೆ ಸುಮ್ಮನಿದ್ದು (ಇದನ್ನು ಸೋಮಾರಿತನವೆಂದರೆ ಅನ್ಯಾಯವಾದೀತು) ಮಳೆಯ ತೇವ ತಗುಲಿದಾಗ ಮೇಲೆ ಬರುತ್ತವೆ. ಗಿಡ ಮಾತ್ರ ನೀರು ಸಿಕ್ಕಲ್ಲಿ ವರ್ಷವಿಡೀ ಬೆಳೆಯುವುದರಿಂದ ಕಳೆ ಇನ್ನೂ ಅಳಿದಿಲ್ಲ.

ಕೆಲ ವರ್ಷಗಳ ಬಳಿಕ ಈ ಜೀರುಂಡೆ ಸೂರ್ಯಕಾಂತಿಯ ಎಲೆಯನ್ನೂ ಮೇಯುತ್ತಿರುವುದು ಕಂಡುಬಂದು ದೊಡ್ಡ ಆತಂಕವೆದ್ದಿತು. ಆತಂಕ ಸಹಜವೇ, ತಂದವರ ಮೇಲೆ ದೂರೂ ಬಂತು. ಆದರೆ ಎಲೆಗಳನ್ನು ಹತ್ತಿರದಿಂದ ಪರಿಶೀಲಿಸಿದ ಸಂಶೋಧಕರು, ಪಕ್ಕದ ಪಾರ್ಥೇನಿಯಂ ಹೂಗಳಿಂದ ಹಾರಿಬಂದ ಪರಾಗ, ಅಂದರೆ ಹೂಧೂಳಿ, ಸೂರ್ಯಕಾಂತಿಯ ಎಲೆಗಳ ಮೇಲೆ ಕೂತಿದ್ದೇ ಜೀರುಂಡೆಗಳನ್ನು ಸೆಳೆದಿತ್ತೆಂದು ವಿವರಿಸಿದರು.